ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತು ನೋಡಿ

ಗವಿಪುರಂ, ಗುಟ್ಟಹಳ್ಳಿ, ಕೆಂಪೇಗೌಡನಗರ, ಹನುಮಂತನಗರದ ಹಿತ್ತಿಲುಗಳಲ್ಲೂ ತಾರಸಿಗಳಲ್ಲೂ ಕೋಳಿ ಸಾಕಿಕೊಂಡಿರುವ ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನರ ಮುಖ ನನಗೆ ಗೊತ್ತಿಲ್ಲ, ನಿಮ್ಮ ಹುಂಜಗಳ ದನಿ ಗೊತ್ತು. ಬೆಳಗಿನ ಜಾವ ಹರಿಹರ ಗುಡ್ಡದ ಕೆಳಗಿನಿಂದ ಒಂದು, ಕೆಂಪಾಂಬುಧಿ ಕೆರೆ ಏರಿಯ ಕಡೆಯಿಂದ ಗಂಟಲು ಕಟ್ಟಿದ ಇನ್ನೊಂದು, ಗಂಗಾಧರೇಶ್ವರನ ಗುಡಿಯ ಗಂಟೆಗಿಂತ ಮುಂಚೆ ಎದ್ದು ಜಂಬ ಕೊಚ್ಚುವ ಮತ್ತೊಂದು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಅಂದುಕೊಂಡಿದ್ದ ಅಜ್ಜಿ ಈಗ ನಮ್ಮ ಬೀದಿಯಲ್ಲಿ ಇದ್ದಿದ್ದರೆ, ಬೆಳಗಾಗುವ ಮೊದಲೇ ಅವಳ ಮೇಲೆ ದೂರು ಹೋಗಿರುತ್ತಿತ್ತು.

ದೂರಿನ ಮಾತು ಸುಮ್ಮನೆ ಎತ್ತಲಿಲ್ಲ. ಕಳೆದ ವಾರ ನಮ್ಮ ಬೀದಿಯಲ್ಲಿ ಒಂದು ಹಾಳೆ ಸಹಿಗೆ ತಿರುಗಾಡಿತು. ಮನೆಗಳ ನಡುವೆ ಕೋಳಿ ಸಾಕುವುದರಿಂದ ದುರ್ವಾಸನೆ, ನೊಣ, ಹೆಗ್ಗಣ ಹೆಚ್ಚಾಗಿವೆ, ಪಾಲಿಕೆಯವರು ಬಂದು ತೆಗೆಸಬೇಕು ಎಂದು ಅದರಲ್ಲಿತ್ತು. ಹಾಳೆ ಹಿಡಿದುಕೊಂಡು ಬಂದ ಹುಡುಗ ನನ್ನ ಗೇಟಿನ ಮುಂದೆಯೇ ನಿಂತು ‘ಆಂಟಿ, ನೀವೂ ಒಂದು ಸೈನ್ ಹಾಕಿ’ ಅಂದ. ಅವನು ನಿಂತ ಜಾಗದಿಂದ ಹತ್ತು ಹೆಜ್ಜೆಗೆ, ಕಾಂಪೌಂಡಿನ ಆಚೆ, ಹನ್ನೊಂದು ಕೋಳಿಗಳಿದ್ದವು. ಅವನಿಗೆ ಗೊತ್ತೇ ಆಗಲಿಲ್ಲ. ಕೋಳಿ ಸಾಕಲು ಶುರು ಮಾಡಿದ ಮೇಲೆ ನನಗೆ ಸಿಕ್ಕಿರುವ ಅತಿ ದೊಡ್ಡ ಸರ್ಟಿಫಿಕೇಟು ಅದೇ.

ಸಹಿ ಹಾಕಲಿಲ್ಲ. ಆದರೆ ಹಾಳೆಯಲ್ಲಿ ಬರೆದದ್ದು ಸುಳ್ಳು ಅಂತ ಹೇಳುವ ಧೈರ್ಯವೂ ಬರಲಿಲ್ಲ. ಎರಡು ವರ್ಷದ ಹಿಂದೆ ನನ್ನ ಗೂಡೇ ನಾರಿದೆ, ಬೀದಿಗೆಲ್ಲ ಗೊತ್ತಾಗುವ ಹಾಗೆ ನಾರಿದೆ. ಆ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನದು ಆಳೆತ್ತರದ ಗೂಡು. ಆರಡಿ ಅಗಲ, ಎಂಟಡಿ ಉದ್ದ, ಒಳಗೆ ಹೋಗಿ ನೆಟ್ಟಗೆ ನಿಲ್ಲಬಹುದು. ಹಳೇ ಜಿಐ ಪೈಪು, ಅರ್ಧ ಇಂಚಿನ ವೆಲ್ಡ್ ಮೆಶ್, ಮೇಲೆ ಶೀಟು. ಮಾಗಡಿ ಕಡೆಯವರಾದ ನಮ್ಮತ್ತೆ ಬುಟ್ಟಿ ಮುಚ್ಚಿ ಕೋಳಿ ಸಾಕಿದವರು. ‘ಕೋಳಿಗೆ ಮನುಷ್ಯರ ಎತ್ತರದ ಮನೆ ಯಾಕೆ?’ ಅಂತ ಕೊನೆಯವರೆಗೂ ಕೇಳುತ್ತಿದ್ದರು. ಎತ್ತರ ಕೋಳಿಗಲ್ಲ, ನನಗೆ. ನಡು ಬಗ್ಗಿಸಿ, ಕೈ ಚಾಚಿ, ಮೊಣಕಾಲೂರಿ ಮಾಡಬೇಕಾದ ಕೆಲಸ ನಾಳೆಗೆ ಹೋಗುತ್ತದೆ, ನಾಳೆಯದು ನಾಡಿದ್ದಿಗೆ. ನಿಂತು ಗುಡಿಸುವ ಹಾಗಿದ್ದರೆ ಕಾಫಿ ಇಳಿಯುವಷ್ಟರಲ್ಲಿ ಮುಗಿಯುತ್ತದೆ. ತಾರಸಿಯ ಮೇಲೆ ಮೊಣಕಾಲೆತ್ತರದ ಪೆಟ್ಟಿಗೆಗಳಲ್ಲಿ ಕೋಳಿ ಇಟ್ಟುಕೊಂಡಿರುವವರು ನಿಮ್ಮಲ್ಲಿ ಕೆಲವರಿದ್ದೀರಿ. ದುಡ್ಡು ಕೂಡಿದಾಗ ಮೊದಲು ಗೂಡಿನ ಎತ್ತರ ಹೆಚ್ಚಿಸಿ, ಕೋಳಿ ಸಂಖ್ಯೆ ಆಮೇಲೆ.

ಆ ಅಕ್ಟೋಬರಿನಲ್ಲಿ ಐದು ದಿನ ಬಿಡದೆ ಮಳೆ ಹಿಡಿಯಿತು. ನಮ್ಮೂರಿನ ಮಳೆ ನಿಮಗೆ ಗೊತ್ತೇ ಇದೆ, ಜೂನ್-ಜುಲೈಯಲ್ಲಿ ಬರೀ ಮೋಡ, ಜಿನುಗು. ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಕೊಡ ಬೋರಲು ಹಾಕಿದ ಹಾಗೆ. ಇರಚಲು ಒಳಗೆ ಬರದಿರಲಿ ಅಂತ ನಾಲ್ಕೂ ಕಡೆಗೆ ನೀಲಿ ಟಾರ್ಪಾಲು ಸುತ್ತಿ ಕಟ್ಟಿದೆ. ಒಳಗೆ ನೀರಿನ ಕುಡಿಕೆ ಒಂದು ಪಕ್ಕ ವಾಲಿಕೊಂಡು ತೊಟ್ಟಿಕ್ಕುತ್ತಿದ್ದದ್ದು ನೋಡಲಿಲ್ಲ. ಮೂರನೇ ದಿನಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಹಕ್ಕಳೆ ಕಟ್ಟಿತು, ಕಾಲಿಟ್ಟರೆ ರೊಟ್ಟಿ ಮೇಲೆ ನಿಂತ ಹಾಗೆ. ನಾಲ್ಕನೇ ದಿನ ವಾಸನೆ. ಹಿರಿಯರು ಹೇಳಿದ್ದು ನೆನಪಿತ್ತು, ಹಸಿಯಾದರೆ ಸುಣ್ಣ ಹಾಕು. ಒಂದು ಬಾಂಡ್ಲಿ ತುಂಬ ಅರಳಿದ ಸುಣ್ಣ ತಂದು ಸುರಿದು ಕೆದಕಿ, ಒಳ್ಳೇ ಕೆಲಸ ಮಾಡಿದೆ ಅಂತ ಮಲಗಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಬಿಡಲಾಗಲಿಲ್ಲ. ಕೋಳಿಗಳು ಮೂಲೆಯಲ್ಲಿ ಒತ್ತಿಕೊಂಡು ತಲೆ ಕೊಡವುತ್ತಿದ್ದವು, ಎರಡರ ಕಣ್ಣು ಅಂಟಿಕೊಂಡಿತ್ತು. ಅದೇ ಹೊತ್ತಿಗೆ ಎದುರು ಮನೆ ಮೇಷ್ಟ್ರು ಮೂಗಿಗೆ ಟವೆಲು ಹಿಡಿದು ಗೇಟು ತಳ್ಳಿಕೊಂಡು ಬಂದರು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದವರು, ಜಗಳಕ್ಕೇ ಬಂದಿದ್ದರು. ಗೂಡಿನ ಹತ್ತಿರ ಬಂದವರು ಒಂದು ಸಲ ಮೂಸಿ ನಿಂತೇಬಿಟ್ಟರು.

‘ಏನಮ್ಮಾ ಇದು, ನಮ್ಮ ಲ್ಯಾಬಿಗೆ ಬಂದ ಹಾಗಾಯ್ತಲ್ಲ! ಸುಣ್ಣ ಹಾಕಿದ್ರಾ?’

‘ಹೂಂ ಮೇಷ್ಟ್ರೇ, ಒಣಗಲಿ ಅಂತ ಒಂದು ಬಾಂಡ್ಲಿ ಹಾಕ್ದೆ.’

‘ಅಮೋನಿಯಂ ಕ್ಲೋರೈಡಿಗೆ ಸುಣ್ಣ ಬೆರೆಸಿ ಕಾಯಿಸಿದ್ರೆ ಏನು ಬರುತ್ತೆ ಅಂತ ಎಷ್ಟು ಮಕ್ಕಳಿಗೆ ತೋರಿಸಿದೀನೋ ಲೆಕ್ಕ ಇಲ್ಲ. ನೀವು ಕಾಯಿಸೋ ಕೆಲಸಾನೂ ಇಲ್ಲದೆ ಮಾಡ್ಬಿಟ್ರಿ.’

ಬೈಯಲು ಬಂದವರು ಅರ್ಧ ಗಂಟೆ ಪಾಠ ಮಾಡಿ ಹೋದರು. ಪಾಠದ ಸಾರ ಇಷ್ಟು. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ. ಹಿಕ್ಕೆಯ ಮೇಲೆ ಬಿಳಿ ಟೋಪಿ ಹಾಕಿದ ಹಾಗೆ ಇರುತ್ತದಲ್ಲ, ಅದೇ ಅದರ ಮೂತ್ರ, ಯೂರಿಕ್ ಆಮ್ಲ. ಒಣಗಿದ್ದಷ್ಟು ಕಾಲ ಅದು ಪಾಪದ ವಸ್ತು, ಸೀಮೆಸುಣ್ಣದ ಪುಡಿಯ ಹಾಗೆ ಬಿದ್ದಿರುತ್ತದೆ. ನೀರು ಸೋಕಿತೋ, ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಹಾಸು ಕ್ಷಾರವಾದಷ್ಟೂ ಆ ಅಮೋನಿಯಾ ಹಾಸಿನಲ್ಲಿ ನಿಲ್ಲದೆ ಗಾಳಿಗೆ ಏಳುತ್ತದೆ. ಸುಣ್ಣಕ್ಕಿಂತ ಕ್ಷಾರ ಬೇಕೇ? ನಾನು ವಾಸನೆಯನ್ನು ಮುಚ್ಚಲು ಹೋಗಿ, ಹಾಸಿನಲ್ಲಿ ಸೇರಿಕೊಂಡಿದ್ದದ್ದನ್ನೆಲ್ಲ ಒಂದೇ ರಾತ್ರಿ ಎಬ್ಬಿಸಿದ್ದೆ. ಮೇಲೆ ಟಾರ್ಪಾಲು ಬೇರೆ, ಎಬ್ಬಿಸಿದ್ದಕ್ಕೆ ಹೋಗಲು ದಾರಿಯೂ ಇಲ್ಲ.

ಸುಣ್ಣವೇ ಬೇಡ ಅಂತಲ್ಲ. ಗೂಡು ಪೂರ್ತಿ ಖಾಲಿ ಮಾಡಿದಾಗ ನೆಲಕ್ಕೆ, ಕಂಬಕ್ಕೆ, ಗೋಡೆಗೆ ಸುಣ್ಣ ಬಳಿಯಿರಿ, ಬಿರುಕಿನಲ್ಲಿ ಸೇರಿಕೊಳ್ಳುವ ಕೆಂಪು ನುಸಿಗೂ ಅದು ಒಳ್ಳೆಯದು. ಹಿಕ್ಕೆ ಬೆರೆತ ಹಸಿ ಹಾಸಿಗೆ ಮಾತ್ರ ಹಾಕಬೇಡಿ. ಒಲೆಬೂದಿಯೂ ಕ್ಷಾರವೇ, ಕೋಳಿ ಹೊರಳಾಡುವ ಮಣ್ಣಿನ ತೊಟ್ಟಿಗೆ ಹಾಕಿ, ಹಸಿ ಹಾಸಿಗೆ ಬೇಡ. ದೊಡ್ಡ ಫಾರಂಗಳವರು ಹುಳಿ ಗುಣದ ಸೂಪರ್ ಫಾಸ್ಫೇಟ್, ಆಲಂ ಬಳಸುತ್ತಾರೆ. ಹತ್ತು-ಹನ್ನೆರಡು ಕೋಳಿಯವರಿಗೆ ಅದರ ತಂಟೆ ಬೇಕಿಲ್ಲ.

ಅವತ್ತು ರಾತ್ರಿ ಕೂತು ನಾನೇ ಒಂದು ಲೆಕ್ಕ ಹಾಕಿದೆ. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಹಿಕ್ಕೆ ಹಾಕುತ್ತದೆ. ಹನ್ನೊಂದಕ್ಕೆ 1.2 ಕೆಜಿ, ವರ್ಷಕ್ಕೆ 440 ಕೆಜಿ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ಅಂದರೆ ಮಳೆ ಇರಲಿ ಬಿಡಲಿ, ಕುಡಿಕೆ ಸೋರಲಿ ಬಿಡಲಿ, ವರ್ಷಕ್ಕೆ 330 ಲೀಟರ್ ನೀರನ್ನು ಕೋಳಿಗಳೇ ಹಾಸಿನ ಮೇಲೆ ಸುರಿಯುತ್ತವೆ. ನಾವು ಮಾಡುವ ಕೆಲಸವೆಲ್ಲ ಹಿಕ್ಕೆ ತೆಗೆಯುವುದು ಅಂದುಕೊಂಡಿರುತ್ತೇವೆ, ಅಲ್ಲ. ಆ ನೀರನ್ನು ಗಾಳಿಗೆ ಕಳಿಸುವುದು, ಅದರ ಮೇಲೆ ಹೊಸ ನೀರು ಸೇರದ ಹಾಗೆ ನೋಡಿಕೊಳ್ಳುವುದು, ಅಷ್ಟೇ ಕೆಲಸ. ನಾರುವುದು ಕೋಳಿಯಲ್ಲ, ನೀರು.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುವುದು, ನಾಳೆ ಬೆಳಿಗ್ಗೆ ಗೂಡಿನೊಳಗೆ ಹೋಗಿ ಕುಕ್ಕರಗಾಲಲ್ಲಿ ಕೂರಿ. ಕೋಳಿಯ ಮೂಗಿನ ಎತ್ತರಕ್ಕೆ ನಿಮ್ಮ ಮೂಗು ಬರಬೇಕು. ನಾವು ನಿಂತು ಮೂಸುವುದು ಐದಡಿ ಮೇಲಿನ ಗಾಳಿ. ಕೋಳಿ ಹಗಲೆಲ್ಲ ಉಸಿರಾಡುವುದು ನೆಲದಿಂದ ಒಂದಡಿಯದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು ಅಮೋನಿಯಾ ಇದ್ದರೂ ಅದರ ಕಣ್ಣಿಗೆ, ಶ್ವಾಸನಾಳಕ್ಕೆ ಪೆಟ್ಟು ಬೀಳಲು ಶುರುವಾಗುತ್ತದೆ. ನಮ್ಮ ಮೂಗಿಗೆ ಘಾಟು ತಟ್ಟುವುದೂ ಹೆಚ್ಚುಕಡಿಮೆ ಆ ಮಟ್ಟದಲ್ಲೇ, ಆದರೆ ದಿನವೂ ಅದರಲ್ಲೇ ಇರುವವರ ಮೂಗು ನಂಬಿಕೆಗೆ ಅರ್ಹವಲ್ಲ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಕೂರಿಸಿ. ಅವರು ಮುಖ ಕಿವುಚಿದರೆ ನೀವು ಸೋತಿರಿ.

ಮೂಗು ಆಯಿತು, ಇನ್ನು ಕೈ. ಹಾಸಿನ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕಿ ಮುಷ್ಟಿ ಬಿಡಿಸಿ. ರಾಗಿಮುದ್ದೆಯ ಹಾಗೆ ಉಂಡೆ ನಿಂತರೆ ಹಸಿ ಹೆಚ್ಚು. ಉಸಿರು ಬಿಟ್ಟರೆ ಹಾರುವ ಹಾಗೆ ಬೆರಳ ಸಂದಿಯಲ್ಲಿ ಸೋರಿದರೆ ತೀರಾ ಒಣ, ಆ ಧೂಳೂ ಕೋಳಿಗೆ ಒಳ್ಳೆಯದಲ್ಲ. ಸ್ವಲ್ಪ ಕೂಡಿಕೊಂಡು ಆಮೇಲೆ ಬಿರಿಯಬೇಕು, ಸರಿಯಾಗಿ ಹುರಿದ ರವೆ ಉಂಡೆ ಕಟ್ಟುವಾಗ ಮೊದಲ ಸಲ ಬಿರಿಯುತ್ತದಲ್ಲ ಹಾಗೆ. ಪುಸ್ತಕದವರು ಅದನ್ನೇ 20ರಿಂದ 30 ಶೇಕಡಾ ತೇವ ಅನ್ನುತ್ತಾರೆ.

ಏನನ್ನು ಹಾಸಬೇಕು ಅಂತ ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತೀರಿ. ಭತ್ತದ ಹೊಟ್ಟು ಎಲ್ಲರಿಗೂ ಗೊತ್ತಿರುವುದು. ಅದರಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ನಿಧಾನವಾಗಿ ಕೊಳೆಯುತ್ತದೆ, ಗಾಳಿಯಾಡುತ್ತದೆ, ನೀರು ಹೀರುವುದರಲ್ಲಿ ಮಾತ್ರ ಸೋಮಾರಿ. ಮರ ಹೆರೆದ ಸಿಬಿರು ಅದಕ್ಕಿಂತ ಮೇಲು. ಆದರೆ ಮೈಸೂರು ರಸ್ತೆ ಕಡೆಯ ಮರದ ಅಡ್ಡೆಗಳಿಂದ ತರುವಾಗ ಪ್ಲೈವುಡ್ಡಿನದ್ದು ಬೇಡ, ಅಂಟಿನ ರಾಸಾಯನಿಕ ಸೇರಿರುತ್ತದೆ. ಗರಗಸದ ನುಣ್ಣನೆ ಪುಡಿಯೂ ಬೇಡ, ಮರಿಗಳು ಅದನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ತೆಂಗಿನ ನಾರಿನ ಪುಡಿ ನೀರನ್ನು ಬೇಗ ಹೀರುತ್ತದೆ, ಆದರೆ ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ. ಗಿಡದ ಕುಂಡಕ್ಕೆ ಅದು ಗುಣ, ಕೋಳಿಗೂಡಿಗೆ ಅವಗುಣ.

ದುಡ್ಡಿಲ್ಲದೆ ಸಿಗುವ ಎರಡು ಹಾಸು ನಮ್ಮ ಕಾಲಬುಡದಲ್ಲೇ ಇವೆ. ಒಂದು, ರಸ್ತೆಯ ಮರದ ಎಲೆ. ಹೊಂಗೆ ಚಿಗುರುವ ಮುಂಚೆ ಇಡೀ ಬಸವನಗುಡಿ ಎಲೆ ಉದುರಿಸುತ್ತದೆ. ಪೌರಕಾರ್ಮಿಕರು ಗುಡಿಸಿ ರಾಶಿ ಹಾಕುತ್ತಾರೆ, ಯಾರೋ ಬೆಂಕಿ ಹಚ್ಚುತ್ತಾರೆ. ಬೆಂಕಿಗೆ ಮುಂಚೆ ನಾವು ಹೋಗಬೇಕು. ಅಗಲದ ಎಲೆ ಹಾಗೇ ಹಾಸಿದರೆ ಒಂದರ ಮೇಲೊಂದು ಒದ್ದೆ ಕಾಗದದ ಹಾಗೆ ಅಂಟುತ್ತದೆ. ಗೋಣಿಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಮೊಮ್ಮಕ್ಕಳನ್ನು ಮೇಲೆ ಕುಣಿಸಿ ಪುಡಿ ಮಾಡಿ. ಮಳೆಮರದ ಎಲೆ ಚಿಕ್ಕದು, ಆ ಕೆಲಸವೂ ಬೇಡ. ಇನ್ನೊಂದು ಯಾವುದು ಅಂತ ಕೊನೆಯಲ್ಲಿ ಹೇಳುತ್ತೇನೆ.

ಹಾಸಿದ ಮೇಲೆ ತೆಗೆಯಬೇಕೋ ಬಿಡಬೇಕೋ? ವಾರಕ್ಕೊಮ್ಮೆ ಎಲ್ಲವನ್ನೂ ತೆಗೆದು ತೊಳೆದು ಹೊಸದು ಹಾಸುವವರಿದ್ದೀರಿ. ನಿಮ್ಮ ಶ್ರದ್ಧೆ ದೊಡ್ಡದು, ಆದರೆ ತೊಳೆದ ನೆಲ ಒಣಗುವುದಿಲ್ಲ, ಒದ್ದೆ ನೆಲದ ಮೇಲೆ ಹೊಸ ಹೊಟ್ಟು ಹಾಕಿದರೆ ಅಡಿಯಿಂದ ಬೂಷ್ಟು ಹಿಡಿಯುತ್ತದೆ. ಅಮೆರಿಕದ ಓಹಿಯೋ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೆನ್ನಾರ್ಡ್ ಮತ್ತು ಚೇಂಬರ್ಲಿನ್ ಎಂಬಿಬ್ಬರು 1940ರ ದಶಕದಲ್ಲಿ ಹಾಸನ್ನು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರು. ಹಳೆಯ ಹಾಸಿನ ಮೇಲಿದ್ದ ಕೋಳಿಗಳೇ ಹೆಚ್ಚು ಗಟ್ಟಿಮುಟ್ಟಾಗಿದ್ದವು, ಅವುಗಳ ಮೊಟ್ಟೆ ಚೆನ್ನಾಗಿ ಮರಿಯಾದವು. ಕಾರಣಗಳಲ್ಲಿ ಒಂದು ಆಮೇಲೆ ತಿಳಿಯಿತು: ಹಾಸಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬಿ-12 ವಿಟಮಿನ್ ತಯಾರಿಸುತ್ತವೆ, ಕೆದಕಿ ತಿನ್ನುವ ಕೋಳಿಗೆ ಅದು ಸಿಗುತ್ತದೆ. ಆ ವಿಟಮಿನ್ನನ್ನು ವಿಜ್ಞಾನಿಗಳು ಬೇರ್ಪಡಿಸಿದ್ದೇ 1948ರಲ್ಲಿ. ಫಾರಂಗಳವರು ‘ಡೀಪ್ ಲಿಟರ್’ ಅನ್ನುವುದು ಈ ಪದ್ಧತಿಗೇ. ಆದರೆ ಬರೀ ತೆಗೆಯದೆ ಬಿಟ್ಟರೆ ಅದು ಡೀಪ್ ಲಿಟರ್ ಅಲ್ಲ, ತಿಪ್ಪೆ. ನಾನು ಎರಡು ವರ್ಷದ ಹಿಂದೆ ಮಾಡಿದ್ದು ತಿಪ್ಪೆ.

ನಮ್ಮೂರಿಗೆ ಹೊಂದುವ ಹಾಗೆ ನಾನು ಈಗ ಮಾಡುವುದು ಹೀಗೆ. ಸಂಕ್ರಾಂತಿಯ ಸಂಜೆಬಿಸಿಲು ಗವಿಯೊಳಗೆ ನಂದಿಯ ಕೊಂಬಿನ ನಡುವೆ ಹಾದು ಗಂಗಾಧರೇಶ್ವರನ ಲಿಂಗ ಮುಟ್ಟಿತೆಂದರೆ, ನಾನು ಗೂಡು ಖಾಲಿ ಮಾಡಲು ದಿನ ನೋಡುತ್ತೇನೆ. ಫೆಬ್ರವರಿಯ ಒಣ ಹವೆಯಲ್ಲಿ ಹಳೆಯದನ್ನೆಲ್ಲ ತೆಗೆದು, ಎರಡು ಬೆರಳಿನಷ್ಟು ಒಣ ಹಾಸನ್ನು ಹೆಪ್ಪಿಗೆ ಉಳಿಸಿಕೊಂಡು, ಮೇಲೆ ನಾಲ್ಕು ಇಂಚು ಹೊಸದು ಹಾಕುತ್ತೇನೆ. ಮೊಸರಿಗೆ ಹೆಪ್ಪು ಬಿಟ್ಟ ಹಾಗೆಯೇ. ಮಳೆಗಾಲ ಶುರುವಾಗಲು ಕಡಿಮೆಯೆಂದರೂ ಎರಡು ತಿಂಗಳು ಮುಂಚೆ ಹಾಸು ಶುರುವಾಗಿರಬೇಕು, ಅಷ್ಟರಲ್ಲಿ ಅದರೊಳಗಿನ ಜೀವಗಳು ನೆಲೆ ಊರಿರುತ್ತವೆ. ಹದಿನೈದು ದಿನಕ್ಕೊಮ್ಮೆ ಒಂದೆರಡು ಬೆರಳು ಹೊಸ ಎಲೆಯೋ ಹೊಟ್ಟೋ. ಸೆಪ್ಟೆಂಬರಿಗೆ ಅದು ಎಂಟು ಇಂಚು ಆಗಿ, ಮೆತ್ತಗೆ, ಮಣ್ಣಿನ ವಾಸನೆ ಬರುವ ಹಾಗಿರುತ್ತದೆ. ಮಳೆಗಾಲದ ನಡುವೆ ಗೂಡು ಬರಿದು ಮಾಡಿ ಹೊಸದಾಗಿ ಶುರು ಮಾಡುವಂಥ ತಪ್ಪು ಇನ್ನೊಂದಿಲ್ಲ.

ಕೆದಕುವ ಕೆಲಸ ನಾನು ಮಾಡುವುದೇ ಇಲ್ಲ. ಸಂಜೆ ಎರಡು ಹಿಡಿ ರಾಗಿ ಹಾಸಿನ ಮೇಲೆ ಎರಚುತ್ತೇನೆ. ಒಂದೊಂದು ಕಾಳಿಗೂ ಅವು ನೆಲ ಅಗೆಯುವ ರೀತಿ ನೋಡಿದರೆ ಕೂಲಿ ಕೊಟ್ಟರೂ ಅಷ್ಟು ಚೆನ್ನಾಗಿ ಯಾರೂ ಮಾಡರು. ಮೂಲೆ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ, ಅಲ್ಲಿಗೆ ರೇಕು. ಹಕ್ಕಳೆ ಕಟ್ಟಿದ ತುಂಡು ಕಂಡರೆ ಒಡೆದು ಬೆರೆಸಲು ಹೋಗಬೇಡಿ, ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿ, ಆ ಜಾಗಕ್ಕೆ ಒಣದು ತುಂಬಿ.

ಎಲ್ಲಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು ಒಂದು ಹಳೇ ತಗಡು. ಕೋಳಿ ಹಾಕುವ ಹಿಕ್ಕೆಯಲ್ಲಿ ಅರ್ಧದಷ್ಟು ರಾತ್ರಿ ಕೋಲಿನ ಮೇಲೆ ಕೂತಾಗ ಬೀಳುವುದು, ಅದೂ ಒಂದೇ ಸಾಲಿನಲ್ಲಿ. ಕೋಲಿನ ಕೆಳಗೆ ಮುಕ್ಕಾಲು ಅಡಿ ಬಿಟ್ಟು ಎರಡಡಿ ಅಗಲದ ತಗಡಿನ ಹಲಗೆ ಕೂರಿಸಿ, ಮೇಲೆ ತೆಳ್ಳಗೆ ಒಣ ಮರಳು ಹರಡಿದ್ದೇನೆ. ಬೆಳಿಗ್ಗೆ ಗಾರೆ ಕೆಲಸದವರ ಕರಣೆಯಲ್ಲಿ ಕೆರೆದು ಬಕೆಟ್ಟಿಗೆ. ಮೂರು ನಿಮಿಷ. ವರ್ಷದ 330 ಲೀಟರಿನಲ್ಲಿ 165 ಹಾಸನ್ನು ಮುಟ್ಟುವುದೇ ಇಲ್ಲ! ಕೋಲು ಮೊಟ್ಟೆ ಇಡುವ ಗೂಡಿಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೊಟ್ಟೆಗೂಡಿನಲ್ಲೇ ಮಲಗಿ ಅಲ್ಲೇ ಹೇಲುತ್ತವೆ, ಮೊಟ್ಟೆಗೆ ಮೆತ್ತುತ್ತದೆ.

ನೀರಿನ ಕುಡಿಕೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ನೇತುಹಾಕಿ, ಕೆಳಗೆ ಇಟ್ಟಿಗೆ ಜೋಡಿಸಿ ಜಾಲರಿ ಇಡಿ. ಸೂರು ಎರಡೂವರೆ-ಮೂರಡಿ ಆಚೆ ಚಾಚಿಕೊಂಡಿರಲಿ. ಮಳೆಗೆ ಟಾರ್ಪಾಲು ಕಟ್ಟುವುದಾದರೆ ಗಾಳಿ ಬೀಸುವ ಒಂದು ಕಡೆಗೆ ಮಾತ್ರ, ಅದೂ ಸೂರಿನ ಕೆಳಗೆ ಒಂದಡಿ ತೆರೆದು. ಹಬೆಯೂ ಅಮೋನಿಯಾವೂ ಮೇಲಕ್ಕೆ ಹೋಗುವಂಥವು, ದಾರಿ ಬಿಟ್ಟರೆ ತಾವಾಗಿ ಹೋಗುತ್ತವೆ. ತಾರಸಿಯವರು ಗೂಡನ್ನು ಕಾಲಿನ ಮೇಲೆ ಎತ್ತಿ ಕೂರಿಸಿ. ಒದ್ದೆ ಹಾಸು ನೇರ ಮೇಲ್ಛಾವಣಿಗೆ ಕೂತರೆ ಮೊದಲು ತೇವ ಇಳಿಯುವುದು ನಿಮ್ಮ ಮಲಗುವ ಕೋಣೆಗೇ.

ಒಂದು ಮಾತು ಹಲಗೆ ಕೆರೆಯುವವರಿಗೆ. ಅದು ದಿನವೂ ಬರುವ ಪತ್ರಿಕೆಯ ಹಾಗೆ, ಓದಿ ಎಸೆಯಿರಿ. ಕಂದು ಬಣ್ಣ, ಬಿಳಿ ಟೋಪಿ, ಗಟ್ಟಿ, ಇದು ಕ್ಷೇಮ ಸಮಾಚಾರ. ಎಂಟು-ಹತ್ತಕ್ಕೊಂದು ಸಲ ಸಾಸಿವೆ ಅರೆದಂಥ, ಅಂಟಂಟಾದ, ತೀರಾ ನಾರುವ ಹಿಕ್ಕೆ ಬರುತ್ತದೆ. ಹೊಸಬರು ಭೇದಿ ಅಂತ ಹೆದರಿ ಔಷಧಿ ಹಾಕುತ್ತಾರೆ, ಅದು ಕುರುಡುಗರುಳಿನ ಹಿಕ್ಕೆ, ಸಹಜವಾದದ್ದು. ರಕ್ತ ಕಂಡರೆ ರಕ್ತಭೇದಿ ಇರಬಹುದು. ಅದರ ರೋಗಾಣು ಬೆಚ್ಚಗಿನ ಹಸಿ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕುವ ಶಕ್ತಿ ಪಡೆಯುತ್ತದೆ, ಒಣಗಿದ್ದರೆ ಹೆಣಗಾಡುತ್ತದೆ. ಹಸಿರು ನೀರುನೀರಾಗಿ ಹೋಗಿ, ಕೋಳಿ ಕತ್ತು ತಿರುಚಿದರೆ ಅಥವಾ ರೆಕ್ಕೆ ಜೋಲುಬಿಟ್ಟರೆ ಕೊಕ್ಕರೆ ರೋಗದ ಅನುಮಾನ. ಆ ಲಸಿಕೆ ಹೆಬ್ಬಾಳದಲ್ಲೇ ತಯಾರಾಗುತ್ತದೆ, ಹತ್ತು ಕೋಳಿಗೆ ಯಾಕೆ ಅಂತ ಬಿಡಬೇಡಿ. ಅದೇ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ತಳಿ ನನ್ನಲ್ಲಿ ನಾಲ್ಕಿವೆ, ಉಳಿದವು ನಾಟಿ.

ಹಕ್ಕಿಜ್ವರದ ಮಾತು ಎತ್ತಿದರೆ ಹೆದರಿಸುತ್ತಿದ್ದೇನೆ ಅಂದುಕೊಳ್ಳುತ್ತೀರಿ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಟರ್ಕಿಗಳಿಗೇ ಅದು ಬಂದಿತ್ತು. 2018ರ ಜನವರಿಯಲ್ಲಿ ಯಲಹಂಕ ಕಡೆಯ ದಾಸರಹಳ್ಳಿಯಲ್ಲಿ ಒಂದು ಕೋಳಿ ಅಂಗಡಿಯಲ್ಲಿ ಕಾಣಿಸಿದಾಗ ಸುತ್ತಲಿನ ಕೋಳಿಗಳನ್ನೂ ಕೊಲ್ಲಬೇಕಾಯಿತು. ಕಾಗೆ, ಪಾರಿವಾಳದ ಹಿಕ್ಕೆ ನಿಮ್ಮ ಹಾಸಿಗೆ ಬೀಳದ ಹಾಗೆ ಮೇಲೂ ಜಾಲರಿ ಇರಲಿ, ಗೂಡಿಗೆ ಬೇರೆ ಚಪ್ಪಲಿ ಇರಲಿ. ಒಟ್ಟಿಗೆ ಎರಡು-ಮೂರು ಕೋಳಿ ಸತ್ತರೆ ಚೀಲಕ್ಕೆ ಕಟ್ಟಿ ಕೆರೆಗೆ ಎಸೆಯದೆ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.

ಕೆರೆಯ ಮಾತಿಗೆ ಬಂದದ್ದಕ್ಕೆ ಕೋಪದಲ್ಲೇ ಒಂದು ವಿಷಯ. ಪೈಪು ಹಿಡಿದು ಗೂಡು ತೊಳೆದು ಆ ನೀರನ್ನು ಚರಂಡಿಗೆ ಬಿಡುವವರು ಯಾರೆಂದು ನಮ್ಮ ಬೀದಿಗೆ ಗೊತ್ತು. ಇಳಿಜಾರು ಹಿಡಿದ ನೀರು ಕೆಂಪಾಂಬುಧಿಯ ಕಡೆಗೇ. ಕೆಂಪೇಗೌಡರು ಕಟ್ಟಿಸಿ, ಊರಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಸಾಕಷ್ಟು ಕೊಳಚೆ ಕುಡಿದಿದೆ, ನಮ್ಮದೂ ಬೇಡ. ಹಾಗೆಯೇ ಹಳೇ ಹಾಸನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ರಾತ್ರಿ ಗಲ್ಲಿಗೆ ಎಸೆಯುವುದು. 1898ರ ಪ್ಲೇಗಿನ ನಂತರ ಬಸವನಗುಡಿ ಬೆಳೆದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟದ್ದು ಹೊಲಸು ಬೇಗ ಊರಾಚೆ ಹೋಗಲಿ ಅಂತ, ಅಲ್ಲೇ ಬಂದು ಬೀಳಲಿ ಅಂತಲ್ಲ. ಹಸಿ ಕಸದ ಆಟೋಗೂ ಕೊಡಬೇಡಿ, ಆ ಕವರನ್ನು ಒಬ್ಬ ಮನುಷ್ಯ ಕೈಯಲ್ಲಿ ಬಿಚ್ಚುತ್ತಾನೆ.

ಅದು ಎಸೆಯುವ ವಸ್ತುವೂ ಅಲ್ಲ. ಕೋಳಿಗೊಬ್ಬರದಲ್ಲಿ ಶೇಕಡಾ 3ರಷ್ಟು ಸಾರಜನಕ ಇರುತ್ತದೆ, ಕೊಟ್ಟಿಗೆ ಗೊಬ್ಬರಕ್ಕೆ ಹೋಲಿಸಿದರೆ ಹಲವು ಪಟ್ಟು. ಆದರೆ ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ನನ್ನ ಕರಿಬೇವು ಹಾಗೇ ಹೋಯಿತು. ಹಲಗೆಯ ಹಿಕ್ಕೆಗೆ ನಾಲ್ಕೈದು ಪಟ್ಟು ಒಣ ಎಲೆ ಬೆರೆಸಿ, ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ರಾಶಿ ಮಾಡಿ. ಅದಕ್ಕಿಂತ ಚಿಕ್ಕದು ಕಾವು ಹಿಡಿಯುವುದಿಲ್ಲ. ಇದಕ್ಕೆ ಮಾತ್ರ ನೀರು ಬೇಕು, ಹಿಂಡಿದ ಬಟ್ಟೆಯಷ್ಟು ತೇವ. ಮೂರನೇ ದಿನಕ್ಕೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗಬಾರದು. 55 ಡಿಗ್ರಿಗೆ ಮೇಲೆ ಮೂರು ದಿನ ಇದ್ದರೆ ಕೆಟ್ಟ ರೋಗಾಣು, ನೊಣದ ಹುಳು ಉಳಿಯುವುದಿಲ್ಲ. ತಣ್ಣಗಾದಾಗ ಹೊರಗಿನದನ್ನು ಒಳಗೆ ಮಾಡಿ ಮಗುಚಿ, ಮತ್ತೆ ಕಾವೇರುತ್ತದೆ. ಮೂರು ಸಲ ಮಗುಚಿ, ಎರಡು ತಿಂಗಳು ಮಾಗಲು ಬಿಡಿ. ಮೇಷ್ಟ್ರು ಕುತೂಹಲ ತಡೆಯದೆ ತಮ್ಮ ಹಳೇ ಥರ್ಮಾಮೀಟರ್ ತಂದು ಇಳಿಬಿಟ್ಟರು, 62 ತೋರಿಸಿತು. ಅವತ್ತು ಅವರ ಮುಖ ನೋಡಬೇಕಿತ್ತು.

ಹಾಗಂತ ಅವರಿಗೆ ನನ್ನ ಕೋಳಿಗಳ ಮೇಲೆ ಪ್ರೀತಿ ಬಂದಿದೆ ಅಂದುಕೊಳ್ಳಬೇಡಿ. ಸಹಿ ಹಾಳೆಯಲ್ಲಿ ಮೊದಲ ಹೆಸರು ಅವರದೇ. ‘ಏನು ಮೇಷ್ಟ್ರೇ ಇದು’ ಅಂತ ಕೇಳಿದೆ. ‘ನಿಮ್ಮದಕ್ಕಲ್ಲಮ್ಮಾ, ಕೆಳಗಿನ ಬೀದಿಯವರದ್ದಕ್ಕೆ’ ಅಂದರು. ಹಾಳೆಯಲ್ಲಿ ಕೆಳಗಿನ ಬೀದಿ, ಮೇಲಿನ ಬೀದಿ ಅಂತ ಬರೆದಿಲ್ಲವಲ್ಲ? ಪಾಲಿಕೆಯ ಗಾಡಿ ಬಂದರೆ ಎಲ್ಲರ ಕೋಳಿಯನ್ನೂ ತುಂಬಿಕೊಂಡೇ ಹೋಗುತ್ತದೆ. ಹದಿನೈದು ದಿನ ತಡೆದು ಕಳಿಸಲು ಅವರನ್ನು ಒಪ್ಪಿಸಿದ್ದೇನೆ. ಹದಿನೈದು ದಿನ ಅಂದರೆ ನೊಣದ ಒಂದು ತಲೆಮಾರಿಗಿಂತ ಸ್ವಲ್ಪ ಹೆಚ್ಚು. ಬೆಚ್ಚಗಿದ್ದರೆ ಹಸಿ ಹಿಕ್ಕೆಯ ಮೇಲಿಟ್ಟ ಮೊಟ್ಟೆ ಹತ್ತು ದಿನದೊಳಗೆ ಹಾರುತ್ತದೆ. ಇವತ್ತು ಹಾಸು ಒಣಗಿಸಿದರೆ ಅಷ್ಟರಲ್ಲಿ ಫರಕು ಕಾಣಲೇಬೇಕು.

ಈಗ ಉಳಿಸಿಕೊಂಡಿದ್ದ ಆ ಎರಡನೇ ಹಾಸು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಜನ ತಿಂದು ಎಸೆದ ಸಿಪ್ಪೆ ಕಾಲಿಗೆ ಸಿಕ್ಕಿ ಚರಪರ ಅನ್ನುತ್ತಿರುತ್ತದೆ. ಕೋಳಿ ಹಾಸಿಗೆ ಕಡಲೆಕಾಯಿ ಸಿಪ್ಪೆ ಬಹಳ ಚೆನ್ನಾಗಿರುತ್ತದೆ: ಹಗುರ, ನೀರು ಹೀರುತ್ತದೆ, ಕೋಳಿ ತುಳಿದಷ್ಟೂ ಪುಡಿಯಾಗುತ್ತದೆ. ರಸ್ತೆಯಲ್ಲಿ ಬಿದ್ದದ್ದನ್ನು ಗುಡಿಸಿಕೊಂಡರೆ ಪ್ಲಾಸ್ಟಿಕ್ಕು, ಐಸ್‌ಕ್ರೀಂ ಕಡ್ಡಿ ಎಲ್ಲ ಸೇರಿರುತ್ತದೆ. ಅಂಗಡಿ ಹಾಕಿದವರ ಪಕ್ಕದಲ್ಲೇ ಒಂದೊಂದು ಗೋಣಿಚೀಲ ಬಾಯಿ ತೆರೆದು ಇಟ್ಟು, ಸಿಪ್ಪೆ ಇದಕ್ಕೆ ಹಾಕಿ ಅಂತ ರಟ್ಟಿನ ಮೇಲೆ ಬರೆದು ನೇತುಹಾಕೋಣ. ಹಸಿ ಕಾಯಿಯದು, ಹುರಿದದ್ದು ಸರಿ. ಬೇಯಿಸಿದ ಕಾಯಿಯ ಸಿಪ್ಪೆ ಬೇಡ, ಎರಡೇ ದಿನಕ್ಕೆ ಬೂಷ್ಟು ಬರುತ್ತದೆ, ಕಡಲೆಕಾಯಿಯ ಬೂಷ್ಟು ಕೋಳಿಯ ಪಿತ್ತಜನಕಾಂಗಕ್ಕೆ ವಿಷ. ತಂದದ್ದನ್ನು ತಾರಸಿಯಲ್ಲಿ ನಾಲ್ಕು ಬಿಸಿಲು ಒಣಗಿಸಿ ಕಟ್ಟಿಟ್ಟರೆ ಫೆಬ್ರವರಿಯ ಹೊಸ ಹಾಸಿಗೆ ಆಗುತ್ತದೆ.

ಪರಿಷೆಯ ಸೋಮವಾರ ಸಂಜೆ ಆರಕ್ಕೆ ರಾಮಕೃಷ್ಣ ಆಶ್ರಮದ ಸರ್ಕಲ್ಲಿನ ಹತ್ತಿರ ನಿಂತಿರುತ್ತೇನೆ. ಎರಡೆರಡು ಗೋಣಿಚೀಲ ನೀವೇ ತನ್ನಿ, ಕಟ್ಟಲು ಹುರಿ ನನ್ನ ಹತ್ತಿರ ಇದೆ. ಅದಕ್ಕೆ ಮುಂಚೆ ಯಾರಾದರೂ ಬಂದು ನನ್ನ ಗೂಡಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುವುದಾದರೆ ಬೆಳಿಗ್ಗೆ ಏಳರಿಂದ ಎಂಟರವರೆಗೆ ಗೇಟು ತೆರೆದಿರುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ಒಳಗೆ ಹಾಕಿಕೊಳ್ಳಲು ಬೇರೆ ಇಟ್ಟಿದ್ದೇನೆ.

ಇತಿ,
ಹನ್ನೊಂದು ಕೋಳಿಗಳ ಮನೆಯವಳು,
ಗವಿಪುರಂ

ತಾ.ಕ.: ಹುಂಜದ ಕೂಗಿಗೆ ಏನು ಮಾಡುವುದು ಅಂತ ಮಾತ್ರ ನನ್ನನ್ನು ಕೇಳಬೇಡಿ. ನನ್ನದನ್ನು ಮಾಗಡಿಗೆ ಕಳಿಸಿಬಿಟ್ಟೆ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ ಅಂತ ಬೀದಿಯ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ, ಮೇಷ್ಟ್ರನ್ನೂ ಸೇರಿಸಿ.